ಇನಾಸ ಮತ್ತು ಗಣಪಿಯ ಪದ

ತಾರೀಕು ಕೇಳಬೇಡಿ ಮಕ್ಕಳೇ, ನನಗೆ ಹೇಳಿದವರಿಗೂ ಅದು ಗೊತ್ತಿರಲಿಲ್ಲ. ಬಹಳ ಹಿಂದೆ, ಹೊಳೆ ಸಮುದ್ರಕ್ಕೆ ಸೇರುವ ಅಳಿವೆಯ ದಂಡೆಯಲ್ಲಿ ಒಂದು ಊರು. ಆ ಊರಲ್ಲಿ ಇನಾಸ ಅಂತ ಒಬ್ಬ ಗಿಟಾರ್ ಬಾರಿಸುವವನಿದ್ದ. ಯಾವ ಮೇಳಕ್ಕೂ ಕಂಪನಿಗೂ ಸೇರಿದವನಲ್ಲ. ತನ್ನ ಹಾಡು ತಾನೇ ಕಟ್ಟಿ ಮದುವೆಮನೆಗಳಲ್ಲಿ ಹಾಡುತ್ತಿದ್ದ. ಬೆಳಿಗ್ಗೆ ಈ ದಂಡೆಯಲ್ಲಿ ಒಂದು ರಾಗ ಬಾರಿಸಿದರೆ, ದೋಣಿ ಮುಟ್ಟುವ ಮೊದಲೇ ಅದು ಆಚೆ ದಂಡೆಯವರ ಬಾಯಲ್ಲಿರುತ್ತಿತ್ತಂತೆ.

ಅವನಿಗೆ ರಾಗಕ್ಕೆ ಬರವಿರಲಿಲ್ಲ, ಮಾತಿಗೆ ಇತ್ತು.

ಅದೇ ಊರಲ್ಲಿ ಗಣಪಿ ಅಂತ ಒಬ್ಬಳು. ನೀರು ಇಳಿದಾಗ ಕೆಸರಲ್ಲಿ ಚಿಪ್ಪು ಹೆಕ್ಕಿ ಮಾರುವವಳು. ಸಣ್ಣವಳಿದ್ದಾಗ ಜ್ವರ ಬಂದು ಗಂಟಲು ಒಡೆದಿತ್ತು, ಹಾಡಲಾರಳು. ಆದರೆ ಬಗ್ಗಿ ಹೆಕ್ಕುತ್ತಲೇ ಪದ ಕಟ್ಟಿ ಹೇಳುತ್ತಿದ್ದಳು. ಬರೀ ಹೇಳುತ್ತಿದ್ದಳು, ಎದುರಿಗೆ ಯಾರೋ ನಿಂತ ಹಾಗೆ. ಒಂದು ದಿನ ಇನಾಸನ ಕಿವಿಗೆ ಅದು ಬಿತ್ತು.

ಹೊಳೆಗೆ ಹೋದಳು ನನ್ನ ತಂಗಿ,
ಬುಟ್ಟಿ ತಂದುಕೊಟ್ಟಿತು ಹೊಳೆ.
ಬುಟ್ಟಿ ಯಾರು ಕೇಳಿದ್ದರು?

ಇನಾಸ ಓಡಿಹೋಗಿ ಅದಕ್ಕೆ ರಾಗ ಕೂರಿಸಿದ. ಕೊನೆಯ ಸಾಲು ತಾಳಕ್ಕೆ ಕೂರಲಿಲ್ಲ, ತೆಗೆದ. ಮದುವೆಮನೆಗೆ ಸತ್ತ ತಂಗಿ ಯಾಕೆ ಅಂತ ಆ ಮಾತು ತೆಗೆದು ಗೆಳತಿ ಅಂತ ಹಾಕಿದ. ಜನ ಕುಣಿದರು. ಎಂಟೇ ದಿನದಲ್ಲಿ ಬಲೆ ಎಳೆಯುವವರೂ ಅದನ್ನೇ ಹಾಡಿದರಂತೆ. ಬಲೆಯೊಳಗಿನ ಮೀನು ತಾಳಕ್ಕೆ ಬಾಲ ಬಡಿಯಿತು ಅಂತಲೂ ಹೇಳುತ್ತಾರೆ. ಹೇಳಲಿ ಬಿಡಿ.

ಒಂಬತ್ತನೇ ದಿನ ಗಣಪಿ ಅವನ ಬಾಗಿಲಿಗೆ ಬಂದಳು.

"ಇನಾಸ, ನನ್ನ ತಂಗಿ ಎಲ್ಲಿ?"

ಯಾವ ತಂಗಿ ಅಂದ ಅವನು.

"ನಿನ್ನ ಹಾಡಲ್ಲಿ ಅವಳಿಲ್ಲ ಮಾರಾಯ. ಯಾರೋ ಗೆಳತಿ ಕೂತಿದ್ದಾಳೆ. ಹೊಳೆ ಒಂದು ಸಲ ಒಯ್ದಿತ್ತು, ನೀನು ಇನ್ನೊಂದು ಸಲ ಒಯ್ದೆ."

ಇಷ್ಟು ಹೇಳಿ ಹೋದಳು. ಮಾರನೇ ದಿನದಿಂದ ಇನಾಸ ನೀರು ಇಳಿದಾಗಲೆಲ್ಲ ಕೆಸರಿಗೆ ಹೋಗಿ ಕೂತ. ಗಿಟಾರ್ ಒಯ್ಯಲಿಲ್ಲ. ಅವಳು ಎಲ್ಲಿ ಉಸಿರು ಎಳೆಯುತ್ತಾಳೆ, ಎಲ್ಲಿ ತಡೆಯುತ್ತಾಳೆ, ಅದನ್ನೇ ಕೇಳಿದ. ಒಂದು ಮಳೆಗಾಲ ಪೂರ್ತಿ ಕೇಳಿದನಂತೆ. ಕೊನೆಗೆ, "ಗಣಪಕ್ಕ, ನೀನೇ ಹೇಳು. ನಾನು ನಿನ್ನ ದನಿಯ ಕೆಳಗೆ ಬಾರಿಸುತ್ತೇನೆ" ಅಂದ. ಕಾಗೆಯ ಕಂಠ ತನ್ನದು, ಜನ ನಗುತ್ತಾರೆ ಅಂದಳು ಅವಳು. ನಕ್ಕರೆ ನನ್ನನ್ನು ನೋಡಿಯೂ ನಗಲಿ ಅಂದ ಇವನು.

ಮುಂದಿನ ಮದುವೆಯಲ್ಲಿ ಜನ ಗೆಳತಿ ಹಾಡು ಕೇಳಿದರು. ಅದು ಮರೆತುಹೋಗಿದೆ ಅಂದ ಇನಾಸ. ಮದುವೆ ಯಜಮಾನನ ಮುಖ ಕೆಂಪಾಯಿತು, ಇನ್ನು ಮುಂದೆ ಯಾರೂ ನಿನ್ನನ್ನು ಕರೆಯುವುದಿಲ್ಲ ಅಂತ ಬೈದ. ಇನಾಸ ಹಿಂದಿನ ಸಾಲಲ್ಲಿದ್ದ ಗಣಪಿಯನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡ, ಮೆಲ್ಲಗೆ ಬಾರಿಸತೊಡಗಿದ. ಅವಳು ಆ ಒಡಕು ದನಿಯಲ್ಲೇ ಹೇಳಿದಳು. ಅವಳು ಮಾತು ನಿಲ್ಲಿಸಿದಲ್ಲಿ ಅವನೂ ಬೆರಳು ನಿಲ್ಲಿಸಿದ. ಬುಟ್ಟಿ ಯಾರು ಕೇಳಿದ್ದರು ಅನ್ನುವಾಗ ಹೊಳೆ ಹರಿಯುವುದನ್ನು ಬಿಟ್ಟಿತ್ತು ಅನ್ನುತ್ತಾರೆ. ನಾನು ಅಷ್ಟು ಹೇಳುವುದಿಲ್ಲ. ಕುಣಿಯಲು ಎದ್ದವರು ಕೂತರು, ಅಷ್ಟು ನಿಜ.

ಮದುಮಗಳ ಅಜ್ಜಿ ಕೇಳಿದಳು, "ನಿನ್ನ ತಂಗಿಯ ಹೆಸರೇನಿತ್ತು ಮಗಾ?"

"ಮಂಕಾಳಿ."

ಅಜ್ಜಿ ಎದ್ದು ನಿಂತು, ಹೊಳೆ ಒಯ್ದಿದ್ದ ತನ್ನ ಮಗನ ಹೆಸರು ಹೇಳಿದಳು. ಮೂವತ್ತು ವರ್ಷಗಳಿಂದ ಆ ಮನೆಯಲ್ಲಿ ಯಾರೂ ಎತ್ತದ ಹೆಸರಂತೆ ಅದು. ಬೈದ ಯಜಮಾನ ಆ ಸತ್ತವನ ತಮ್ಮ. ಅವನು ಇನಾಸನ ಕಾಲ ಬಳಿ ನೆಲದಲ್ಲೇ ಕೂತು, ಇನ್ನೊಂದು ಸಲ ಬಾರಿಸು ಅಂದ.

ಇಬ್ಬರೂ ಹೋಗಿ ಎಷ್ಟೋ ಕಾಲವಾಯಿತು. ಈಗಲೂ ಆ ದಂಡೆಯ ಮದುವೆಗಳಲ್ಲಿ ಊಟಕ್ಕೆ ಮೊದಲು ಗಿಟಾರಿನವರು ದನಿ ತಗ್ಗಿಸುತ್ತಾರೆ. ಮನೆಯವರಲ್ಲಿ ಯಾರಾದರೊಬ್ಬರು ಎದ್ದು, ತೀರಿಹೋದ ತಮ್ಮವರ ಬಗ್ಗೆ ನಾಲ್ಕು ಮಾತು ಹೇಳುತ್ತಾರೆ. ಹಾಡುವ ಹಾಗಿಲ್ಲ, ಹೇಳಬೇಕು. ಮಾತು ಮುಗಿಯುವವರೆಗೆ ಬಡಿಸುವವರು ಅನ್ನದ ಬಕೆಟ್ಟು ಕೆಳಗಿಟ್ಟು ನಿಂತಿರುತ್ತಾರೆ.