ಮನೆಯ ಜೊತೆಗೆ ತುಂಗಮ್ಮ

ಶೇಷಗಿರಿಯಪ್ಪನವರು ದೊಡ್ಡ ಮನೆಯನ್ನು ಅಡವಿಟ್ಟು, ಸಾಲ ತೀರಿಸದೆ ಕಣ್ಣು ಮುಚ್ಚಿದರು. ಸಾಲ ಕೊಟ್ಟ ಸಾಹುಕಾರ ಪುಟ್ಟಬಸಪ್ಪ ಕೋರ್ಟಿಗೆ ಹೋದ. ತೀರಿಹೋದವರ ಹೆಣ್ಣುಮಕ್ಕಳು ಆರು ತಿಂಗಳ ಗಡುವು ಕೇಳಿದರು.

"ಆರು ದಿನವೂ ಇಲ್ಲ! ಮನೆ ಇವತ್ತೇ ನನಗಾಗಬೇಕು," ಎಂದ ಸಾಹುಕಾರ, ಎಲೆ ಅಡಿಕೆ ಜಗಿಯುತ್ತಲೇ.

ಆಗ ಆ ಮನೆಯ ಅಡುಗೆಯವನು ಕೈಮುಗಿದು ಎದ್ದು ನಿಂತ.

"ಮಹಾಸ್ವಾಮಿ, ನಮ್ಮ ಯಜಮಾನರ ತಂಗಿ ತುಂಗಮ್ಮನವರು ಬದುಕಿರೋವರೆಗೂ ಆ ಮನೇಲೇ ಇರಬೇಕು ಅಂತ ಯಜಮಾನರು ಸಾಲಕ್ಕೆ ಮೊದಲೇ ಬರೆದುಕೊಟ್ಟಿದ್ದಾರೆ. ಮನೆ ತಗೊಂಡೋರು ಅವರನ್ನೂ ಇಟ್ಕೋಬೇಕಲ್ವೇ?"

"ಹೌದು," ಎಂದರು ನ್ಯಾಯಾಧೀಶರು.

ಸಾಹುಕಾರ ನಕ್ಕ. "ಇರಲಿ ಬಿಡಿ. ಒಂದು ಮುದುಕಿ, ಯಾವುದೋ ಮೂಲೇಲಿ ಬಿದ್ದಿರುತ್ತೆ."

ಹಿಂದಿನ ಬೆಂಚಿನಿಂದ ತುಂಗಮ್ಮ ಎದ್ದರು. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೀನೇ ಏನಪ್ಪಾ ನಮ್ಮನೆಗೆ ಬರೋನು? ಬೆಳಗಿನ ಜಾವ ಎದ್ದು ಬಾವಿ ನೀರು ಸೇದಬೇಕು. ಸ್ನಾನ ಆಗದೆ ಕಾಫಿ ಇಲ್ಲ. ಈರುಳ್ಳಿ ಹೊಸಿಲು ದಾಟೋ ಹಾಗಿಲ್ಲ. ಆ ಹೊಟ್ಟೆ ನೋಡಿದರೆ ರಾತ್ರಿ ಊಟವನ್ನೂ ನಿಲ್ಲಿಸಬೇಕು. ಮೊದಲು ಎಲೆ ಅಡಿಕೆ ಉಗಿದು ಬಾ, ಹೋಗು!"

ಸಾಹುಕಾರ ದಡದಡನೆ ಹೊರಗೋಡಿ ಉಗಿದು ಬಂದ. ಕೋರ್ಟಿಗೆ ಕೋರ್ಟೇ ನಕ್ಕಿತು. ಅವನು ತನ್ನ ವಕೀಲರ ಕಿವಿಯಲ್ಲಿ ಏನೋ ಪಿಸುಗುಟ್ಟಿದ.

"ಆರು ತಿಂಗಳೇಕೆ, ಒಂದು ವರ್ಷ ತಗೊಳ್ಳಲಿ ಸ್ವಾಮಿ. ನಮ್ಮ ಕಕ್ಷಿದಾರರಿಗೆ ಮನೆ ಬೇಡವಂತೆ, ಹಣವೇ ಸಾಕಂತೆ," ಎಂದರು ವಕೀಲರು.

ಹೊರಗೆ ಬಂದಮೇಲೆ ಅಡುಗೆಯವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಅಮ್ಮಾ, ಸ್ವಲ್ಪ ಗದರಿಸಿ ಅಂತಷ್ಟೇ ನಾನು ಹೇಳಿದ್ದು!"

"ಸ್ವಲ್ಪವೇ ಕಣೋ ಗದರಿಸಿದ್ದು. ಅವನಿನ್ನೂ ನಮ್ಮನೆಯವನಾಗಿರಲಿಲ್ಲವಲ್ಲ!"