ಮಾನಪ್ಪ ಮೇಸ್ತ್ರಿ ಇಂಜಿನ್ನು ಬದಲಿಸಿದ್ದು

ಬಹಳ ಹಿಂದೆ, ಯಾವ ಇಸವಿ ಅಂತ ಕೇಳಬೇಡಿ, ಹೇಳೋರು ಯಾರೂ ಉಳಿದಿಲ್ಲ, ಒಂದೂರಲ್ಲಿ ಒಂದೇ ಒಂದು ಕಾರಿತ್ತು. ಆ ಊರು ನಮ್ಮದೇ, ಕಡ್ಲಿಕೊಪ್ಪ. ಸುತ್ತಲಿನ ಹಳ್ಳಿಯವರೆಲ್ಲ ಎತ್ತಿನ ಬಾಲ ತಿರುಚಿಕೊಂಡು ಓಡಾಡುತ್ತಿದ್ದಾಗ ನಮ್ಮೂರಲ್ಲಿ ಕಾರಿತ್ತು ಅನ್ನೋದನ್ನ ಮೊದಲು ನೆನಪಿಟ್ಟುಕೊಳ್ಳಿ.

ಕಪ್ಪೆಗಣ್ಣಿನ ದೀಪ, ಆಮೆಬೆನ್ನಿನ ಮೈ. ದೇಸಾಯರು ಹಡಗಿನಲ್ಲಿ ತರಿಸಿದ್ದಂತೆ. ದೇಸಾಯರ ಮನೆತನ ಕರಗಿ ಹೋದ ಮೇಲೆ ಕಾರು ತನ್ನನ್ನ ಸಾಕಿದವನ ಅಂಗಳಕ್ಕೆ ಬಂತು. ಅವನೇ ಕಮ್ಮಾರ ಮಾನಪ್ಪ. ಅಂಥ ಮೇಸ್ತ್ರಿ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟೋದಿಲ್ಲ. ಇಂಜಿನ್ನಿನ ಮೇಲೆ ಜಾಲಿ ಕೋಲಿಟ್ಟು, ಇನ್ನೊಂದು ತುದಿ ಹಲ್ಲಲ್ಲಿ ಕಚ್ಚಿ, ಒಳಗಿನ ರೋಗ ಹೇಳುತ್ತಿದ್ದನಂತೆ. ಬಿರುಬೇಸಿಗೆಯಲ್ಲಿ ನೀರು ಸಿಗದೆ ರೇಡಿಯೇಟರಿಗೆ ಮಜ್ಜಿಗೆ ಸುರಿದು ಓಡಿಸಿದನಂತೆ. ಊರು ಮುಟ್ಟುವಷ್ಟರಲ್ಲಿ ಬೆಣ್ಣೆ ತೇಲಿತ್ತಂತೆ. ಸುಳ್ಳು ಅನ್ನೋರು ನಮ್ಮೂರ ಕಟ್ಟೆಗೆ ಬಂದು ಆ ಮಾತು ಹೇಳಲಿ, ನೋಡೋಣ.

ಆ ಕಾರಿಗೆ ಒಂದೇ ಕೆಲಸ. ದಿನ ತುಂಬಿದ ಹೆಣ್ಣುಮಕ್ಕಳನ್ನ ಗುಡ್ಡದಾಚೆಯ ಆಸ್ಪತ್ರೆಗೆ ಮುಟ್ಟಿಸೋದು. ನಡುವೆ ಕೆಂಪೇರು ಅನ್ನೋ ಏರುದಾರಿ. ಕಾರಿನ ಮೈ ದೊಡ್ಡದು, ಇಂಜಿನ್ನು ಸಣ್ಣದು. ಏರಿನ ಬುಡಕ್ಕೆ ಬಂದರೆ ಬಸುರಿಯೊಬ್ಬಳನ್ನ ಬಿಟ್ಟು ಉಳಿದವರೆಲ್ಲ ಇಳಿದು ನೂಕಬೇಕು. ನೂಕುತ್ತಿದ್ದರು, ಕಾರು ಏರುತ್ತಿತ್ತು. ಹಾಗೆ ಎಷ್ಟೋ ಕೂಸುಗಳು ಹುಟ್ಟಿದವು.

ಆಮೇಲೆ ಮಾನಪ್ಪನ ಹೆಂಡತಿ ನೀಲವ್ವನ ಸರದಿ ಬಂತು. ಎಡಗಡೆ ಹಿಂದಿನ ಸೀಟಲ್ಲಿ ಅವಳನ್ನ ಕೂರಿಸಿದ್ದರು. ಅವತ್ತು ಏರಿನ ನಡುವೆ ಇಂಜಿನ್ನು ಉಸಿರು ಬಿಟ್ಟಿತು. ನೂಕಿದರು, ಜಗ್ಗಿದರು, ಕಾರು ಕದಲಲಿಲ್ಲ. ನೀಲವ್ವ ಕಿಟಕಿಗೆ ಹಣೆ ಆನಿಸಿ ಕೇಳುತ್ತಲೇ ಇದ್ದಳಂತೆ, "ಏರು ಮುಗೀತೇನು?" ಅಂತ. ಮಾನಪ್ಪ "ಇನ್ನ ಸ್ವಲ್ಪ, ಇನ್ನ ಸ್ವಲ್ಪ" ಅನ್ನುತ್ತಲೇ ಇದ್ದನಂತೆ. ಅವಳು ಕೇಳೋದು ನಿಂತಿತು. ಹೊಟ್ಟೆಯೊಳಗಿನ ಕೂಸೂ ಅವಳ ಜೊತೆಗೇ ಹೋಯಿತು.

ಅವತ್ತಿನಿಂದ ಕಾರು ಕೆಂಪೇರು ಹತ್ತಲಿಲ್ಲ ಅಂತಾರೆ. ಖಾಲಿ ಇದ್ದರೂ ಹತ್ತಲಿಲ್ಲ. ಬುಡಕ್ಕೆ ಬಂದ ಕೂಡಲೇ ಎಡಗಡೆ ಹಿಂದಿನ ಸ್ಪ್ರಿಂಗು ಕಿರ್ ಅಂತ ಕುಗ್ಗುತ್ತಿತ್ತು. ಸೀಟಿನಲ್ಲಿ ಕುಳಿ ಬೀಳುತ್ತಿತ್ತು. ಉರಿಬಿಸಿಲಲ್ಲೂ ಆ ಕಿಟಕಿಯ ಗಾಜಿಗೆ ಒಳಗಿಂದ ಆವಿ ಹಿಡಿಯುತ್ತಿತ್ತು, ಯಾರೋ ಹಣೆ ಆನಿಸಿ ಉಸಿರಾಡಿದ ಹಾಗೆ. ನಡುವಿನವರೆಗೆ ಏರೋದು, ಹಿಂದಕ್ಕೆ ಜಾರೋದು. ಬುಡ ಮುಟ್ಟಿದರೆ ಸ್ಪ್ರಿಂಗು ಮೇಲೇಳುತ್ತಿತ್ತು, ಗಾಜು ತಿಳಿಯಾಗುತ್ತಿತ್ತು.

ಊರವರು ಹೆದರಿದರು. ಮಾನಪ್ಪ ಹೆದರಲಿಲ್ಲ. ದಿನಾ ಸಂಜೆ ಒಬ್ಬನೇ ಕಾರು ತಗೊಂಡು ಕೆಂಪೇರಿಗೆ ಹೋಗುತ್ತಿದ್ದ. ಏರೋದು, ಜಾರೋದು, ಮತ್ತೆ ಏರೋದು. ಆಡು ಮೇಯಿಸೋರು ಕೇಳಿಸಿಕೊಂಡಿದ್ದಾರಂತೆ, ಹೆಣ್ಣುದನಿ "ಏರು ಮುಗೀತೇನು?" ಅನ್ನೋದನ್ನ, ಮಾನಪ್ಪ ನಗುತ್ತಾ "ಇನ್ನ ಸ್ವಲ್ಪ" ಅನ್ನೋದನ್ನ.

ಅವನು ನಗುತ್ತಿದ್ದ, ಸರಿ. ಬಸುರಿಯರನ್ನ ಮಾತ್ರ ಹೊರಸಿನ ಮೇಲೆ ಮಲಗಿಸಿ, ಹೆಗಲ ಮೇಲೆ ಹೊತ್ತು ಗುಡ್ಡ ಹತ್ತಬೇಕಾಯಿತು. ಕೆಲವರು ಆಸ್ಪತ್ರೆ ಮುಟ್ಟಲೇ ಇಲ್ಲ.

ಆ ಹೊತ್ತಿಗೆ ಕಲ್ಲಿನ ಕ್ವಾರಿಯಲ್ಲಿ ಲಾರಿಯೊಂದು ಮಗುಚಿತು. ಮೈ ನುಜ್ಜಾಗಿತ್ತು, ಇಂಜಿನ್ನು ಗಟ್ಟಿಯಿತ್ತು. ಊರವರು ಅದನ್ನ ಬಂಡಿಯಲ್ಲಿ ಹೇರಿಕೊಂಡು ಬಂದು ಮಾನಪ್ಪನ ಅಂಗಳದಲ್ಲಿ ಇಳಿಸಿದರು. ಕಾರಿಗೆ ಇದನ್ನ ಕೂರಿಸು ಅಂದರು. ಮಾನಪ್ಪ ಒಲ್ಲೆ ಅಂದ. ಮುಂದಿನ ಸ್ಪ್ರಿಂಗು ತಡೆಯೋದಿಲ್ಲ ಅಂದ, ತಳದ ಚಾಸಿ ಬಾಗುತ್ತೆ ಅಂದ, ಗೇರಿನ ಹಲ್ಲು ಉದುರುತ್ತವೆ ಅಂದ. ಹಡಗಲ್ಲಿ ಬಂದ ಕಾರಿಗೆ ಲಾರಿಯ ಎದೆ ಇಟ್ಟರೆ ಅದು ಕಾರಾಗಿ ಉಳಿಯೋದಿಲ್ಲ ಅಂದ. ಎಲ್ಲ ನಿಜವೇ.

ಸೂಲಗಿತ್ತಿ ದುರುಗವ್ವ ಎಲೆಯಡಿಕೆ ಜಗಿಯುತ್ತಾ ಎಲ್ಲ ಕೇಳಿದಳು. ಕೇಳಿ, ಉಗುಳಿ, ಬಾಯಿ ಒರೆಸಿಕೊಂಡಳು.

"ಮಾನ್ಯಾ, ಕಬ್ಬಿಣದ ಮಾತು ಕಬ್ಬಿಣ ತಿಳೀದವ್ರಿಗೆ ಹೇಳು. ಸ್ಪ್ರಿಂಗಿಗೆ ಪಟ್ಟಿ ಕೂಡ್ಸಾಕ ನಿನಗ ಬರಂಗಿಲ್ಲೇನು? ಸಣ್ಣ ಇಂಜಿನ್ನು ನೀಲವ್ವನ್ನ ಏರಿನ ನಡುವ್ಯಾಗ ಬಿಟ್ಟು ಬರ್ತೈತಿ, ದೊಡ್ಡದು ದಾಟಿಸಿಬಿಡ್ತೈತಿ. ಅದಕ್ಕ ಅಂಜೀ ನೀನು."

ಮಾನಪ್ಪ ನೆಲ ನೋಡಿದ. "ದಾಟಿದ್ರ ಆಕಿ ತಿರುಗಿ ಬರಂಗಿಲ್ಲ, ಅವ್ವಾ" ಅಂದನಂತೆ.

"ಬ್ಯಾಡಪಾ, ಬರೂದು ಬ್ಯಾಡ. ನಿನಗ ದಿನಾ ಸಂಜಿಕ ಹೇಣ್ತಿ ಬೇಕು, ಅದಕ್ಕ ಆಕಿ ದಿನಾ ಸಂಜಿಕ ಬ್ಯಾನಿ ತಿನ್ನಬೇಕು. ಕುಂಬಾರ ಸಿದ್ದವ್ವನ ಕೂಸು ಅಡ್ಡ ತಿರುಗೇತಿ. ನನ್ನ ಕೈಲೆ ಆಗಂಗಿಲ್ಲ. ಆಕಿನ್ನೂ ಏರಿನ್ಯಾಗ ಕುಂದ್ರಸ್ತೀಯೇನು, ನಿನ್ನ ಹೇಣ್ತಿಗೆ ಜತಿಯಾಗ್ಲಿ ಅಂತ?"

ಆ ಮಾತಿಗೆ ಮಾನಪ್ಪ ಎದ್ದು ಹೋಗಿ ಕುಲುಮೆಗೆ ಬೆಂಕಿ ಹಾಕಿದ.

ಪಟ್ಟಿ ಬಡಿದು ಸ್ಪ್ರಿಂಗಿಗೆ ಕೂಡಿಸಿದ. ಬಾನೆಟ್ಟು ಕತ್ತರಿಸಿ ಎತ್ತರಿಸಿದ. ಗೇರುಪೆಟ್ಟಿಗೆಯನ್ನೂ ಲಾರಿಯದ್ದೇ ಕೂರಿಸಿದ. ಹಳೇ ಇಂಜಿನ್ನನ್ನ ಸರಪಳಿ ಹಾಕಿ ಎತ್ತಿದಾಗ ಅದರ ಮೈ ಬೆಚ್ಚಗಿತ್ತು ಅಂತಾರೆ. ಪಟ್ಟಿ ಬಡಿಯೋಕೆ ಕೂತಾಗಿನಿಂದ ಅದು ಓಡಿರಲೇ ಇಲ್ಲ.

ಒಂದು ಮಧ್ಯಾಹ್ನ ಸಿದ್ದವ್ವನಿಗೆ ಬೇನೆ ಎದ್ದಿತು. ಬಲಗಡೆ ಅವಳನ್ನ ಕೂರಿಸಿದರು, ಮುಂದೆ ದುರುಗವ್ವ ಕೂತಳು. ಎಡಗಡೆ ಯಾರೂ ಕೂರಲಿಲ್ಲ. ಕೆಂಪೇರಿನ ಬುಡಕ್ಕೆ ಬರುತ್ತಲೇ ಸ್ಪ್ರಿಂಗು ಕಿರ್ ಅಂದಿತು. ಗಾಜಿಗೆ ಆವಿ ಹಿಡಿಯಿತು. ನರಳುತ್ತಿದ್ದ ಸಿದ್ದವ್ವ ಒಮ್ಮೆಲೇ ಸುಮ್ಮನಾದಳು. ಪಕ್ಕದಿಂದ ಒಂದು ಕೈ ಬಂದು ತನ್ನ ಕೈ ಹಿಡಿಯಿತು ಅಂತ ಅವಳು ಆಮೇಲೆ ಹೇಳಿದಳು.

ಲಾರಿಯ ಇಂಜಿನ್ನು ಗುಡ್ಡ ಅದುರುವ ಹಾಗೆ ಗುಡುಗಿತು. ಕಾರು ಏರಿತು. ನಡುವಿಗೆ ಬಂತು, ನಡುವನ್ನೂ ದಾಟಿತು. ಹಿಂದಿನಿಂದ ದನಿ ಕೇಳಿತು.

"ಏರು ಮುಗೀತೇನು?"

ಮಾನಪ್ಪ ಗೇರು ಬದಲಿಸಿ ಇಂಜಿನ್ನನ್ನ ಇನ್ನಷ್ಟು ಗುಡುಗಿಸಿದ. ನೆತ್ತಿ ಮುಟ್ಟಿದ ಮೇಲೆ ಹೇಳಿದನಂತೆ, "ಮುಗೀತು, ನೀಲಾ."

ಆಸ್ಪತ್ರೆಯ ಬಾಗಿಲಲ್ಲಿ ಕಾರು ನಿಂತಿತು. ದುರುಗವ್ವ ಸಿದ್ದವ್ವನನ್ನ ಬಲಗಡೆಯಿಂದ ಇಳಿಸಿಕೊಂಡು ಓಡಿದಳು. ಮಾನಪ್ಪ ಸುತ್ತಿ ಬಂದು ಎಡಗಡೆ ಬಾಗಿಲು ತೆರೆದು, ಹೆಗಲಿನ ಟವೆಲ್ಲು ಕೈಗೆ ತಗೊಂಡು ನಿಂತ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಸ್ಪ್ರಿಂಗು ಮೆಲ್ಲಗೆ, ಬಹಳ ಮೆಲ್ಲಗೆ ಮೇಲೆದ್ದಿತು. ಧೂಳಿನಲ್ಲಿ ಹೆಜ್ಜೆ ಮೂಡಿದವು ಅಂತ ಕೆಲವರು ಅಂತಾರೆ, ಇಲ್ಲ ಅಂತ ಕೆಲವರು. ಒಳಗಿಂದ ಕೂಸು ಅತ್ತ ದನಿ ಕೇಳಿತು. ಎರಡು ಕೂಸಿನ ದನಿ ಕೇಳಿತು ಅಂತ ದುರುಗವ್ವ ಸಾಯೋತನಕ ಹೇಳಿದಳು. ಸಿದ್ದವ್ವ ಹೆತ್ತದ್ದು ಒಂದೇ.

ಬರುವಾಗ ಮಾನಪ್ಪ ಕೆಂಪೇರನ್ನ ಇಳಿದ, ಹತ್ತಿದ, ಮತ್ತೆ ಇಳಿದ. ಗಾಜು ತಿಳಿಯಾಗೇ ಇತ್ತು. ಊರಿಗೆ ಬಂದು ಕಾರಿನ ಕೀಲಿಯನ್ನ ಕುಂಬಾರರ ಹುಡುಗರಿಗೆ ಕೊಟ್ಟ. ಆಮೇಲೆ ಅವನು ಕಾರು ಹತ್ತಲಿಲ್ಲ.

ಈಗ ಕೆಂಪೇರಿಗೆ ಡಾಂಬರಾಗಿದೆ, ಫೋನು ಮಾಡಿದರೆ ಆಂಬುಲೆನ್ಸು ಬರುತ್ತೆ. ಆದರೂ ಕಡ್ಲಿಕೊಪ್ಪದ ಬಸುರಿ ಯಾವ ಗಾಡಿಯಲ್ಲಿ ಹೋಗಲಿ, ಎಡಗಡೆ ಸೀಟು ಖಾಲಿ ಬಿಡುತ್ತೇವೆ. ನೆತ್ತಿ ಮುಟ್ಟಿದಾಗ ಓಡಿಸೋನು "ಮುಗೀತು" ಅಂತ ಗಟ್ಟಿಯಾಗಿ ಹೇಳಬೇಕು. ಆಸ್ಪತ್ರೆ ಮುಂದೆ ಎಡಬಾಗಿಲು ತೆರೆದು ನಿಲ್ಲಬೇಕು. ಅತ್ತಿಗೆಯನ್ನ ಕರೆದುಕೊಂಡು ಹೋದಾಗ ನಾನೂ ನಿಂತಿದ್ದೆ. ನಾನು ಯಾರಪ್ಪನಿಗೂ ಹೆದರೋನಲ್ಲ, ಸುತ್ತ ಹಳ್ಳಿಗಳಲ್ಲಿ ಕೇಳಿ ನೋಡಿ. ಆದರೆ ಸ್ಪ್ರಿಂಗಿನ ಕಡೆ ಮಾತ್ರ ನೋಡಲಿಲ್ಲ.