ಕಂದಕದ ಮಗ್ಗುಲು

"ಗುರುಗಳೇ, ನನ್ನ ಅಣ್ಣ ಮತ್ತೆ ಬಂದು ಮಠದ ಬಾಗಿಲಾಚೆ ಕೂತಿದ್ದಾನೆ. ತನ್ನ ಮಗಳ ಮದುವೆಗೆ ಕರೆಯಲು ಬಂದಿದ್ದಾನಂತೆ. ಅವಳು ನಾನು ಎತ್ತಿ ಆಡಿಸಿದ ಹುಡುಗಿ. ಆದರೆ ಅಣ್ಣನ ಜೊತೆ ಜಗಳವಾಡಿ ಮನೆ ಬಿಟ್ಟವನು ನಾನು. ಅವನ ಮುಖ ಕಂಡರೆ ಇಷ್ಟು ವರ್ಷ ಕಾಪಾಡಿಕೊಂಡ ಶಾಂತಿ ಕದಡಿಹೋಗುತ್ತದೆ. ವಾಪಸು ಕಳಿಸಿಬಿಡಲೇ?" ಎಂದು ಶಿಷ್ಯ ಕೇಳಿದ.

"ಮುಖ ಕಂಡರೆ ಕದಡುವ ಶಾಂತಿಯೋ! ಚೆನ್ನಾಗಿದೆ, ಕೂತುಕೋ," ಎಂದರು ಗುರುಗಳು. "ನಿನ್ನ ಅಣ್ಣನೂ ಇನ್ನೊಂದು ಗಳಿಗೆ ಕೂತಿರಲಿ." ಹೀಗೆಂದು ಅವರು ಕತೆ ಹೇಳತೊಡಗಿದರು.

ಹಳೆಯ ಕೋಟೆಗಳನ್ನು ಹುಡುಕಿ ಗುರುತಿಸುವ ಒಬ್ಬ ಅಧಿಕಾರಿ ಇದ್ದ. ಕಡಲಿನೊಳಕ್ಕೆ ಚಾಚಿಕೊಂಡ ಒಂದು ಗುಡ್ಡದ ಮೇಲೆ ಪುರಾತನ ಕೋಟೆಯಿತ್ತು ಎಂದು ಅವನು ಹಟ ಹಿಡಿದಿದ್ದ. ಇಂಥ ಕೋಟೆಗೆ ನಾಲ್ಕು ಗೋಡೆ ಬೇಕಿಲ್ಲ. ಮೂರು ಕಡೆ ಕಡಲೇ ಕಾವಲು. ಗುಡ್ಡ ನೆಲಕ್ಕೆ ಅಂಟಿಕೊಂಡಿರುವ ಇಕ್ಕಟ್ಟಿನಲ್ಲಿ ಅಡ್ಡಲಾಗಿ ಒಂದು ಗೋಡೆ ಎಬ್ಬಿಸಿ, ಅದರ ಮುಂದೆ ಕಂದಕ ತೋಡಿದರೆ ಮುಗಿಯಿತು. ಕಂದಕ ಯಾವ ಮಗ್ಗುಲಿಗಿದೆಯೋ ಶತ್ರು ಆ ಮಗ್ಗುಲಿನವನು.

ಗೋಡೆಯೇನೋ ಸಿಕ್ಕಿತು. ಕುಸಿದು ಮಣ್ಣಿನ ದಿಬ್ಬವಾಗಿತ್ತು. ಅಧಿಕಾರಿ ಕಡಲ ಕಡೆಗೆ, ಅಂದರೆ ಕೋಟೆಯ ಒಳಗು ಎಂದು ತಾನು ನಂಬಿದ ಕಡೆ, ಡೇರೆ ಹಾಕಿದ. ಅಲ್ಲಿ ಅಗೆದಾಗ ಒಲೆಗಳು ಸಿಕ್ಕವು. ಗಂಜಿ ಬೇಯಿಸಿದ ಮಡಕೆಯ ಚೂರುಗಳು, ಮಕ್ಕಳ ಕೈಗಾಗುವಷ್ಟು ಸಣ್ಣ ಬಳೆಗಳ ಚೂರುಗಳು ಸಿಕ್ಕವು. ಬಾಣದ ಒಂದು ಮೊನೆಯೂ ಇರಲಿಲ್ಲ. ಇವರು ನಮ್ಮ ಕೋಟೆಯ ಜನ ಎಂದು ಅವನು ಎಲ್ಲವನ್ನೂ ಮುದ್ದಿನಿಂದ ಎತ್ತಿಟ್ಟ. ದಿಬ್ಬದ ಆಚೆ, ನೆಲದ ಕಡೆ, ಕವಣೆ ಕಲ್ಲುಗಳ ರಾಶಿ ಇತ್ತು. ಅದು ಶತ್ರುಗಳು ಬಿಟ್ಟುಹೋದದ್ದು ಎಂದುಕೊಂಡ. ಕಂದಕ ಮಾತ್ರ ಆ ಕಡೆ ಎಷ್ಟು ಅಗೆದರೂ ಸಿಗಲಿಲ್ಲ.

ಮೇಲಧಿಕಾರಿ ನೋಡಲು ಬಂದ. "ಕಂದಕವೇ ಇಲ್ಲದ ಮೇಲೆ ಇದೆಂಥ ಕೋಟೆ ಮಾರಾಯರೇ? ಯಾರೋ ಹೊಲಕ್ಕೆ ಹಾಕಿದ ಬದು ಇರಬೇಕು. ಡೇರೆ ಕೀಳಿಸಿ," ಎಂದ.

ಅಧಿಕಾರಿಗೆ ಜೀವ ಹೋದಂತಾಯಿತು. ಅವನು ಅರ್ಧ ಆಯುಷ್ಯವನ್ನು ಆ ಗುಡ್ಡಕ್ಕೇ ಕೊಟ್ಟಿದ್ದ.

ಬೇಸಿಗೆಯ ಕಾಲ. ಗುಡ್ಡದ ಹುಲ್ಲೆಲ್ಲ ಒಣಗಿತ್ತು. ಆ ಸಂಜೆ ಊರಿನ ಆಡುಗಳು ದಿಬ್ಬದ ಈಚೆ, ಅವನ ಡೇರೆಯ ಮಗ್ಗುಲಲ್ಲೇ, ಸಾಲಾಗಿ ಮೇಯುತ್ತಿದ್ದವು. ಅಲ್ಲಿ ಮಾತ್ರ ಉದ್ದಕ್ಕೂ ಒಂದು ಪಟ್ಟಿ ಹುಲ್ಲು ಹಸಿರಾಗಿತ್ತು. ಮುಚ್ಚಿಹೋದ ಕಂದಕದ ಮಣ್ಣಿನಲ್ಲಿ ತೇವ ಉಳಿಯುತ್ತದೆ. ಅವನಿಗೆ ಗೊತ್ತಿದ್ದ ವಿದ್ಯೆಯೇ. ಆದರೆ ಕೋಟೆಯ ಒಳಗೆ ಯಾರಾದರೂ ಕಂದಕ ಹುಡುಕುತ್ತಾರೆಯೇ ಎಂದು ಆ ಪುಣ್ಯಾತ್ಮ ಕಾಲಬುಡವನ್ನೇ ನೋಡಿರಲಿಲ್ಲ. ಮಾರನೆಯ ದಿನ ಅಗೆಸಿದ. ಆಳುದ್ದ ಕಂದಕ ಕಂಡಿತು.

"ಕೋಟೆ ಸಿಕ್ಕಿತಲ್ಲ! ಮತ್ತೆ ಯಾಕೆ ತಲೆ ಮೇಲೆ ಕೈಹೊತ್ತು ಕೂತಿದ್ದೀರಿ?" ಎಂದ ಮೇಲಧಿಕಾರಿ.

"ಸಿಕ್ಕಿತು ಸಾರ್. ಆದರೆ ನಾನು ಡೇರೆ ಹಾಕಿದ್ದು ಅದರ ಹೊರಗೆ."

ಕಂದಕ ಕಡಲ ಕಡೆಗಿದ್ದ ಮೇಲೆ ಗೋಡೆ ಕಟ್ಟಿದವರು ನೆಲದ ಕಡೆಯವರು. ಕವಣೆ ಕಲ್ಲುಗಳೂ ಅವರವೇ. ಅಷ್ಟು ಕಷ್ಟಪಟ್ಟು ಅವರು ದೂರವಿಟ್ಟದ್ದು ಗಂಜಿ ಬೇಯಿಸಿಕೊಂಡು, ಮಕ್ಕಳಿಗೆ ಬಳೆ ತೊಡಿಸಿಕೊಂಡು ಇದ್ದವರನ್ನು. ಯಾಕೆ ಹೆದರಿದರೋ, ಏನು ನಡೆದಿತ್ತೋ, ಮಣ್ಣು ಹೇಳಲಿಲ್ಲ. ಅಧಿಕಾರಿ ಒಂದು ಬಳೆ ಚೂರನ್ನು ಅಂಗೈಯಲ್ಲಿಟ್ಟುಕೊಂಡು ದಿಬ್ಬವನ್ನು ಹತ್ತಿ ಇಳಿದು ಓಡಾಡಿದ. ಯಾವುದು ಒಳಗು, ಯಾವುದು ಹೊರಗು ಎಂಬುದು ಅವನಿಗೆ ಕೊನೆಗೂ ಬಗೆಹರಿಯಲಿಲ್ಲ.

ಕತೆ ನಿಂತಿತು. ಶಿಷ್ಯ ಕಕ್ಕಾಬಿಕ್ಕಿಯಾಗಿ, "ಹಾಗಾದರೆ ಅವರಲ್ಲಿ ಶತ್ರು ಯಾರು ಗುರುಗಳೇ? ನನಗೆ ಏನೂ ತಿಳಿಯುತ್ತಿಲ್ಲ," ಎಂದ.

ಗುರುಗಳು ಹೇಳಿದರು: "ಬಾಗಿಲಾಚೆ ಕೂತವನು ನಿನ್ನ ಅಣ್ಣ, ಹೊರಗಿರುವವನು ಯಾರು?"